ಮನಾಲಿ–ಲೇಹ್ ಮಾರ್ಗದಲ್ಲಿ ಮೋಟಾರ್‌ಸೈಕಲ್ ಡೇರೆ ಪ್ರವಾಸ

ಮನಾಲಿ–ಲೇಹ್ ಮಾರ್ಗದ ಮೋಟಾರ್‌ಸೈಕಲ್ ಡೇರೆ ಪ್ರವಾಸವೆಂದರೆ ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖ್‌ನ ಲೇಹ್ ಪಟ್ಟಣದವರೆಗಿನ ಹೆದ್ದಾರಿಯನ್ನು ಮೋಟಾರ್‌ಸೈಕಲ್ಲಿನಲ್ಲಿ ಕ್ರಮಿಸುತ್ತ, ದಾರಿಯ ರಾತ್ರಿಗಳನ್ನು ಸವಾರರು ತಾವೇ ಹೊತ್ತೊಯ್ದ ಡೇರೆಯಲ್ಲಿ ಕಳೆಯುವ ಪ್ರವಾಸಕ್ರಮ. ಈ ಹೆದ್ದಾರಿಯು ರಾಷ್ಟ್ರೀಯ ಹೆದ್ದಾರಿ 3ರ ಭಾಗವಾಗಿದ್ದು, ಇದರ ಈಗಿನ ಉದ್ದ ಸುಮಾರು 430 ಕಿ.ಮೀ. ದಾರಿಯುದ್ದಕ್ಕೂ ಬೇಸಿಗೆಯಲ್ಲಿ ಢಾಬಾಗಳೂ ಬಾಡಿಗೆ ಶಿಬಿರಗಳೂ ಇರುವುದರಿಂದ ಸ್ವಂತ ಡೇರೆ ಅನಿವಾರ್ಯವಲ್ಲ. ಆದರೂ ಅನೇಕರು ಅದನ್ನು ಒಯ್ಯುತ್ತಾರೆ. ಹಣ ಉಳಿಸುವುದಕ್ಕಾಗಿ, ಏಕಾಂತಕ್ಕಾಗಿ ಎಂದು ಸಾಮಾನ್ಯವಾಗಿ ಕಾರಣ ಹೇಳಲಾಗುತ್ತದೆ. ಈ ಮಾರ್ಗದ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಕಾರಣ ಬೇರೆಯೇ ಇದೆ. ಯಾವ ಎತ್ತರದಲ್ಲಿ ಮಲಗಬೇಕು ಎಂಬುದನ್ನು ಡೇರೆ ಇದ್ದವನು ತಾನೇ ನಿರ್ಧರಿಸಬಲ್ಲನು. ಡೇರೆಯಿಂದ ಬರುವ ಕಷ್ಟಗಳೂ ಇದೇ ಎತ್ತರದ ಕಾರಣದಿಂದಲೇ ಹೆಚ್ಚಾಗುತ್ತವೆ.

ಹಿನ್ನೆಲೆ

ವಾಹನದ ಮೇಲೆ ಡೇರೆ ಕಟ್ಟಿಕೊಂಡು ಊರೂರು ತಿರುಗುವ ಹವ್ಯಾಸಕ್ಕೆ ಸೈಕಲ್ ಮೂಲ. ಇಂಗ್ಲೆಂಡಿನ ದರ್ಜಿ ಥಾಮಸ್ ಹೈರಮ್ ಹೋಲ್ಡಿಂಗ್ ಸೈಕಲ್ ಮೇಲೆ ಒಯ್ಯಬಹುದಾದ ಹಗುರ ಡೇರೆಗಳನ್ನು ರೂಪಿಸಿದರು. 1901ರಲ್ಲಿ ಅಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘ ಹುಟ್ಟಿತು. 1908ರಲ್ಲಿ ಹೋಲ್ಡಿಂಗ್ ಅವರ ಕೈಪಿಡಿ ಪ್ರಕಟವಾಯಿತು. ಮೋಟಾರ್‌ಸೈಕಲ್ ಬಳಕೆಗೆ ಬಂದಂತೆ ಅದೇ ರೂಢಿ ಅದಕ್ಕೂ ವಿಸ್ತರಿಸಿತು. ದೂರ ಪ್ರಯಾಣದ ಮೋಟಾರ್‌ಸೈಕಲ್ ಸವಾರಿಯನ್ನು ಜನಪ್ರಿಯಗೊಳಿಸಿದವರಲ್ಲಿ 1932ರಲ್ಲಿ ಲಂಡನ್ನಿನಿಂದ ಹೊರಟ ಅಮೆರಿಕದ ರಾಬರ್ಟ್ ಎಡಿಸನ್ ಫುಲ್ಟನ್ ಹಾಗೂ 1973ರಿಂದ 1977ರವರೆಗೆ ಜಗತ್ತನ್ನು ಸುತ್ತಿದ ಬ್ರಿಟನ್ನಿನ ಟೆಡ್ ಸೈಮನ್ ಪ್ರಮುಖರು. ಇವರಿಬ್ಬರ ಮಾರ್ಗದಲ್ಲೂ ಭಾರತವಿತ್ತು.

ಭಾರತದಲ್ಲಿ ಹಿಮಾಲಯ ಸವಾರಿಯೆಂದರೆ ಬಹುಕಾಲ ಬುಲೆಟ್ ಸವಾರಿಯೆಂದೇ ಅರ್ಥವಿತ್ತು. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ರಾಯಲ್ ಎನ್‌ಫೀಲ್ಡ್ ತಯಾರಿಕೆ ಇದಕ್ಕೆ ಆಧಾರವಾಯಿತು. ಅದೇ ಕಂಪನಿ 2016ರಲ್ಲಿ ‘ಹಿಮಾಲಯನ್’ ಎಂಬ ಹೆಸರಿನಲ್ಲೇ ಒಂದು ಮಾದರಿಯನ್ನು ಹೊರತಂದಿತು. ನೂರು–ನೂರೈವತ್ತು ಸಿ.ಸಿ.ಯ ಸಾಮಾನ್ಯ ವಾಹನಗಳಲ್ಲಿ ಈ ದಾರಿಯನ್ನು ಕ್ರಮಿಸುವವರೂ ಇದ್ದಾರೆ. ಡೇರೆಯ ಹೊರೆ ಸೇರಿದಾಗ ಮಾತ್ರ ಚಿಕ್ಕ ಎಂಜಿನ್ನಿನ ಮಿತಿ ಏರುದಾರಿಯಲ್ಲಿ ಬೇಗ ತಿಳಿಯುತ್ತದೆ.

ಮಾರ್ಗ

ಮನಾಲಿ ಸಮುದ್ರ ಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಹಿಂದೆ ಎಲ್ಲ ವಾಹನಗಳೂ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ಹತ್ತಿಳಿದೇ ಲಾಹೌಲ್ ಕಣಿವೆಯನ್ನು ಸೇರಬೇಕಾಗಿತ್ತು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗವು ಈ ದೂರವನ್ನು 46 ಕಿ.ಮೀ.ಗಳಷ್ಟು ತಗ್ಗಿಸಿದೆ. ಸುರಂಗದಾಚೆಗೆ ತಾಂಡಿ ಎಂಬಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ, ಅಂದರೆ ಚಿನಾಬ್ ಆಗುತ್ತವೆ. ಇಲ್ಲಿನ ಪೆಟ್ರೋಲ್ ಬಂಕಿನ ಬಳಿಯ, ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಎಚ್ಚರಿಸುವ ಫಲಕ ಸವಾರರ ವಲಯದಲ್ಲಿ ಬಹು ಪ್ರಸಿದ್ಧ. ಅದರ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳದೆ ಮುಂದೆ ಹೋಗುವವರು ವಿರಳ.

ತಾಂಡಿಯ ನಂತರ ಜಿಲ್ಲಾ ಕೇಂದ್ರವಾದ ಕೇಲಾಂಗ್ (ಸುಮಾರು 3,100 ಮೀ.), ಜಿಸ್ಪಾ (ಸುಮಾರು 3,200 ಮೀ.) ಮತ್ತು ದಾರ್ಚಾ ಸಿಗುತ್ತವೆ. ದಾರ್ಚಾದಿಂದ ಮುಂದೆ ವರ್ಷವಿಡೀ ಜನವಸತಿ ಇರುವ ಊರುಗಳು ಹೆಚ್ಚುಕಡಿಮೆ ಮುಗಿಯುತ್ತವೆ. ರಸ್ತೆ ಬಾರಾಲಾಚಾ ಲಾ (ಸುಮಾರು 4,890 ಮೀ.) ಕಣಿವೆದಾರಿಯನ್ನು ದಾಟಿ ಸರ್ಚುವಿನ (ಸುಮಾರು 4,290 ಮೀ.) ಬಯಲಿಗಿಳಿಯುತ್ತದೆ. ಸರ್ಚು ಹಿಮಾಚಲ ಮತ್ತು ಲಡಾಖ್‌ಗಳ ಗಡಿಪ್ರದೇಶ. ಅಲ್ಲಿಂದ ಗಾಟಾ ಲೂಪ್ಸ್ ಎಂಬ 21 ಹಿಮ್ಮುರಿ ತಿರುವುಗಳನ್ನು ಏರಿ, ನಕೀ ಲಾ ಮತ್ತು ಸುಮಾರು 5,060 ಮೀಟರ್ ಎತ್ತರದ ಲಾಚುಲುಂಗ್ ಲಾ ದಾಟಿದರೆ ಪಾಂಗ್ (ಸುಮಾರು 4,600 ಮೀ.). ಪಾಂಗ್‌ನ ಮೇಲೆ ಮೋರೆ ಬಯಲು ಸುಮಾರು 40 ಕಿ.ಮೀ. ಉದ್ದಕ್ಕೆ ಚಾಚಿದೆ. ಕೊನೆಯ ಕಣಿವೆದಾರಿ ತಂಗ್ಲಾಂಗ್ ಲಾ, 5,328 ಮೀಟರ್. ಅಲ್ಲಿಂದ ರಸ್ತೆ ಉಪ್ಶಿಯಲ್ಲಿ ಸಿಂಧೂ ನದಿಯನ್ನು ಸೇರಿ, ಸುಮಾರು 3,500 ಮೀಟರ್ ಎತ್ತರದ ಲೇಹ್ ತಲುಪುತ್ತದೆ. ರಸ್ತೆಯ ನಿರ್ವಹಣೆ ಗಡಿ ರಸ್ತೆಗಳ ಸಂಸ್ಥೆಯದು. ಚಳಿಗಾಲದಲ್ಲಿ ಹಿಮಪಾತದಿಂದ ಮಾರ್ಗ ಮುಚ್ಚುತ್ತದೆ. ಪ್ರವಾಸಿಗರು ಬರುವುದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ಮಲಗುವ ಎತ್ತರ

ಈ ಮಾರ್ಗದ ಅತಿ ದೊಡ್ಡ ಅಪಾಯ ತಿರುವುಗಳಲ್ಲಾಗಲಿ ಪ್ರಪಾತಗಳಲ್ಲಾಗಲಿ ಇಲ್ಲ, ಗಾಳಿಯ ವಿರಳತೆಯಲ್ಲಿದೆ. ಸರ್ಚುವಿನಲ್ಲಿ ವಾತಾವರಣದ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಶೇ. 60ರಷ್ಟು ಮಾತ್ರ. ತಂಗ್ಲಾಂಗ್ ಲಾದಲ್ಲಿ ಅದು ಅರ್ಧಕ್ಕೆ ಸಮೀಪಿಸುತ್ತದೆ. ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಹೊಂದಿಕೊಳ್ಳುವ ಮೊದಲೇ ಮೇಲೇರಿದವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ, ಅತಿಯಾದ ಸುಸ್ತು ಕಾಣಿಸಿಕೊಳ್ಳುತ್ತವೆ. ಇದನ್ನು ಎತ್ತರದ ಕಾಯಿಲೆ ಎನ್ನುತ್ತಾರೆ. ಉಲ್ಬಣಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಅಥವಾ ಮಿದುಳು ಊದಿಕೊಳ್ಳುವುದು ಸಂಭವಿಸಿ ಪ್ರಾಣಕ್ಕೆ ಎರವಾಗುತ್ತದೆ. ವಯಸ್ಸು ಚಿಕ್ಕದು, ಮೈಕಟ್ಟು ಗಟ್ಟಿ ಎಂಬುದು ಇದರಿಂದ ರಕ್ಷಣೆ ನೀಡುವುದಿಲ್ಲ.

ಪರ್ವತ ವೈದ್ಯಶಾಸ್ತ್ರದ ಸಾಮಾನ್ಯ ನಿಯಮವೊಂದಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಮಿಸಬೇಕು. ಹಗಲಿನಲ್ಲಿ ಎಷ್ಟು ಎತ್ತರ ದಾಟಿದರು ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದರು ಎಂಬುದು ಮುಖ್ಯ. ಚಾರಣಿಗನನ್ನು ಅವನ ಕಾಲುಗಳೇ ತಡೆಯುತ್ತವೆ. ಮೋಟಾರ್‌ಸೈಕಲ್ ಸವಾರನಿಗೆ ಅಂತಹ ತಡೆ ಇಲ್ಲ. ಬೆಳಿಗ್ಗೆ ಮನಾಲಿಯಲ್ಲಿ ಉಪಾಹಾರ ಮುಗಿಸಿದವನು ಸಂಜೆಗೆ ಸರ್ಚುವಿನಲ್ಲಿರಬಹುದು. ಒಂದೇ ದಿನದಲ್ಲಿ ಅವನ ಮಲಗುವ ಎತ್ತರ 2,200 ಮೀಟರ್‌ಗೂ ಹೆಚ್ಚು ಏರಿರುತ್ತದೆ. ಅಟಲ್ ಸುರಂಗ ಬಂದ ಮೇಲೆ ಈ ಆತುರ ಮತ್ತಷ್ಟು ಸುಲಭವಾಗಿದೆ.

ಜಾಗರೂಕ ಸವಾರರು ಮೊದಲ ಒಂದೆರಡು ರಾತ್ರಿಗಳನ್ನು ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಕಳೆಯುತ್ತಾರೆ. ಅಲ್ಲಿ ವಸತಿಗೃಹಗಳಿವೆ. ಆದರೆ ಮರುದಿನದ ಪ್ರಸಿದ್ಧ ತಂಗುದಾಣವಾದ ಸರ್ಚು ಜಿಸ್ಪಾಗಿಂತ ಸುಮಾರು 1,100 ಮೀಟರ್ ಮೇಲಿದೆ. ಇದು ನಿಯಮ ಹೇಳುವುದರ ಎರಡು ಪಟ್ಟು. ಸ್ವಂತ ಡೇರೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ದಾರ್ಚಾ ಮತ್ತು ಬಾರಾಲಾಚಾ ಲಾ ನಡುವೆ, ದೀಪಕ್ ತಾಲ್ ಸರೋವರದ ಆಸುಪಾಸಿನಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ ಒಂದು ರಾತ್ರಿ ಉಳಿದರೆ ಆ ಜಿಗಿತ ಎರಡು ಮೆಟ್ಟಿಲುಗಳಾಗುತ್ತದೆ. ಜಿಸ್ಪಾದಿಂದ ಬೆಳಿಗ್ಗೆ ಹೊರಟವನು ಮಧ್ಯಾಹ್ನಕ್ಕೆ ಮೊದಲೇ ಅಲ್ಲಿರುತ್ತಾನೆ. ಇಡೀ ಹಗಲು ಮುಂದಿರುವಾಗ ಅಲ್ಲಿಗೇ ನಿಲ್ಲಲು ಮನಸ್ಸು ಒಪ್ಪುವುದಿಲ್ಲ ಎಂಬುದೊಂದೇ ತೊಡಕು. ಡೇರೆ ಹೊತ್ತು ತಂದೂ ಈ ನಿಲುಗಡೆಯನ್ನು ಬಿಟ್ಟು ಸರ್ಚುವಿಗೆ ಧಾವಿಸುವವರು ಆ ಭಾರವನ್ನು ವ್ಯರ್ಥವಾಗಿ ಹೊತ್ತಂತೆಯೇ ಸರಿ.

ಸರ್ಚು ಮತ್ತು ಪಾಂಗ್‌ಗಳ ಇನ್ನೊಂದು ಗುಣ ನಕ್ಷೆಯಲ್ಲಿ ಎದ್ದು ಕಾಣುವುದಿಲ್ಲ. ಎತ್ತರದ ಕಾಯಿಲೆ ಬಿಗಡಾಯಿಸಿದಾಗ ಇರುವ ಖಚಿತ ಚಿಕಿತ್ಸೆ ಕೂಡಲೇ ಕೆಳಗಿಳಿಯುವುದು. ಈ ಎರಡೂ ತಾಣಗಳು ಕಣಿವೆದಾರಿಗಳ ನಡುವೆ ಬಟ್ಟಲಿನಂತೆ ಸಿಕ್ಕಿಕೊಂಡಿವೆ. ಸರ್ಚುವಿನಿಂದ ದಕ್ಷಿಣಕ್ಕೆ ಇಳಿಯಬೇಕಾದರೆ ಮೊದಲು 600 ಮೀಟರ್ ಏರಿ ಬಾರಾಲಾಚಾ ಲಾ ದಾಟಬೇಕು. ಉತ್ತರಕ್ಕೆ ಹೋಗುವುದಾದರೆ ಮೂರು ಕಣಿವೆದಾರಿಗಳು ಅಡ್ಡ ಇವೆ. ರಾತ್ರಿ ಹನ್ನೊಂದಕ್ಕೆ ತಲೆ ಸಿಡಿಯುತ್ತಿರುವ ಸವಾರ ಕತ್ತಲಲ್ಲಿ, ಹೆಪ್ಪುಗಟ್ಟಿದ ತೊರೆಗಳ ಮೇಲೆ ವಾಹನ ಓಡಿಸುವ ಸ್ಥಿತಿಯಲ್ಲಿರುವುದಿಲ್ಲ. ಆದುದರಿಂದ ಜಿಸ್ಪಾದಲ್ಲಿಯೇ ತಲೆನೋವು, ವಾಕರಿಕೆ ಇದ್ದವರು ಅದು ಪೂರ್ತಿ ಇಳಿಯುವವರೆಗೆ ಮುಂದೆ ಹೋಗಬಾರದು. ಪಾಂಗ್‌ನಲ್ಲಿ ಸೇನೆಯ ಸಂಕ್ರಮಣ ಶಿಬಿರವಿದ್ದು, ತುರ್ತು ಸಂದರ್ಭದಲ್ಲಿ ಪ್ರವಾಸಿಗರು ಅದರತ್ತ ನೋಡುತ್ತಾರೆ. ಅಸಿಟಜೋಲಮೈಡ್ ಮಾತ್ರೆ ದೇಹದ ಹೊಂದಾಣಿಕೆಗೆ ನೆರವಾಗುತ್ತದೆಯಾದರೂ ಅದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ. ಅದು ನಿಧಾನ ಏರಿಕೆಗೆ ಬದಲಿಯೂ ಅಲ್ಲ.

ಒಂಟಿಯಾಗಿ ದೂರದಲ್ಲಿ ಹಾಕಿದ ಡೇರೆ ಇಂತಹ ರಾತ್ರಿಯಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ಢಾಬಾದಲ್ಲಿ ಮಲಗಿದವನ ನರಳಾಟ ಪಕ್ಕದವರಿಗೆ ಕೇಳಿಸುತ್ತದೆ. ಡೇರೆಯಲ್ಲಿರುವವನದು ಗಾಳಿಯ ಸದ್ದಿನಲ್ಲಿ ಅಡಗುತ್ತದೆ. ಈ ಎತ್ತರದಲ್ಲಿ ಒಬ್ಬರೇ ಡೇರೆ ಹಾಕಬಾರದು, ಹಾಕಿದರೂ ಢಾಬಾಗಳು ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಇರಬೇಕು ಎಂಬ ಅನುಭವಿಗಳ ಮಾತಿಗೆ ಇದೇ ಕಾರಣ.

ಪ್ರಯಾಣದ ದಿಕ್ಕನ್ನು ಬದಲಿಸಿದರೆ ಈ ಸಮಸ್ಯೆಯ ಬಹುಭಾಗ ಕರಗುತ್ತದೆ. ಶ್ರೀನಗರದಿಂದ ಕಾರ್ಗಿಲ್ ಮಾರ್ಗವಾಗಿ ಲೇಹ್‌ಗೆ ಹೋಗುವ ದಾರಿಯಲ್ಲಿ ಏರಿಕೆ ನಿಧಾನ. ಲೇಹ್‌ನಲ್ಲಿ ಕೆಲವು ದಿನ ಕಳೆದು ದೇಹ ಹೊಂದಿಕೊಂಡ ಮೇಲೆ ಮನಾಲಿಯತ್ತ ಹಿಂದಿರುಗುವಾಗ ಪಾಂಗ್ ಅಥವಾ ಸರ್ಚುವಿನ ಡೇರೆವಾಸ ಅಷ್ಟು ಕಷ್ಟವೆನಿಸುವುದಿಲ್ಲ.

ಹೊರೆ

ಒಬ್ಬರ ಡೇರೆ ಸಾಮಗ್ರಿಯ ತೂಕವನ್ನು ಸ್ಥೂಲವಾಗಿ ಹೀಗೆ ಲೆಕ್ಕ ಹಾಕಬಹುದು: ಇಬ್ಬರಿಗಾಗುವ ಡೇರೆ ಎರಡೂವರೆಯಿಂದ ಮೂರು ಕಿಲೋ, ಚಳಿಗೆ ತಕ್ಕ ಮಲಗುಚೀಲ ಎರಡು ಕಿಲೋ, ನೆಲಹಾಸು ಒಂದು ಕಿಲೋ, ಒಲೆ–ಪಾತ್ರೆ–ಇಂಧನ ಒಂದೂವರೆ ಕಿಲೋ, ನೀರು ಮತ್ತು ಆಹಾರ ನಾಲ್ಕೈದು ಕಿಲೋ. ಇದಕ್ಕೆ ಪೆಟ್ರೋಲ್ ಸೇರುತ್ತದೆ. 15 ಲೀಟರ್ ಟ್ಯಾಂಕ್, ಲೀಟರಿಗೆ 30 ಕಿ.ಮೀ. ಓಟವಿರುವ ವಾಹನ ಕಾಗದದ ಮೇಲೆ 450 ಕಿ.ಮೀ. ಹೋಗುತ್ತದೆ. ಏರುದಾರಿ, ಭಾರ ಮತ್ತು ಕೆಳ ಗೇರಿನ ಓಟದಲ್ಲಿ ಈ ಲೆಕ್ಕ ತಪ್ಪುವುದರಿಂದ ಐದು ಲೀಟರ್ ಹೆಚ್ಚುವರಿಯಾಗಿ ಒಯ್ಯುವುದು ವಾಡಿಕೆ. ಅದರ ತೂಕ ಡಬ್ಬಿಯೂ ಸೇರಿ ಸುಮಾರು ನಾಲ್ಕು ಕಿಲೋ. ಒಟ್ಟು ಹದಿನೈದು ಕಿಲೋ ಎನ್ನಿ. ಬಟ್ಟೆಬರೆ, ಪಂಚರ್ ಸಾಮಗ್ರಿ, ಸ್ಪ್ಯಾನರ್‌ಗಳ ಲೆಕ್ಕ ಬೇರೆ.

ಹದಿನೈದು ಕಿಲೋ ಹೆಚ್ಚಲ್ಲವೆಂದು ತೋರಬಹುದು. ಆದರೆ ಅದನ್ನು ಎಲ್ಲಿ ಕಟ್ಟಲಾಗಿದೆ ಎಂಬುದು ಮುಖ್ಯ. ಹಿಂಬದಿಯ ಕ್ಯಾರಿಯರ್ ಮೇಲೆ ಎತ್ತರಕ್ಕೆ ಪೇರಿಸಿದ ಗಂಟು ವಾಹನದ ಗುರುತ್ವ ಕೇಂದ್ರವನ್ನು ಮೇಲಕ್ಕೂ ಹಿಂದಕ್ಕೂ ಒಯ್ಯುತ್ತದೆ. ಮುಂದಿನ ಚಕ್ರ ಹಗುರಾಗಿ ಜಲ್ಲಿ ಮತ್ತು ಮರಳಿನಲ್ಲಿ ಹಿಡಿತ ತಪ್ಪುತ್ತದೆ. ತೊರೆಯ ನಡುವೆ ದುಂಡುಕಲ್ಲಿಗೆ ಚಕ್ರ ಸಿಕ್ಕಿ ನಿಂತಾಗ ಇಂತಹ ವಾಹನವನ್ನು ಒಂದು ಕಾಲಿನ ಬಲದಿಂದ ಆಧರಿಸುವುದು ಕಠಿಣ. ಭಾರದ ವಸ್ತುಗಳನ್ನು ಎರಡೂ ಬದಿಯ ಸ್ಯಾಡಲ್ ಬ್ಯಾಗುಗಳಲ್ಲಿ ತಳದಲ್ಲಿ, ಸಮತೂಕವಾಗಿ ಇಡಬೇಕು. ಮಲಗುಚೀಲದಂತಹ ಹಗುರವಾದ ದೊಡ್ಡ ವಸ್ತುಗಳನ್ನು ಮೇಲೆ ಕಟ್ಟಬೇಕು. ರಬ್ಬರ್ ಹಗ್ಗಗಳು ಕುಲುಕಾಟಕ್ಕೆ ಸಡಿಲವಾಗಿ ಚೈನಿಗೆ ಸಿಕ್ಕಿಕೊಳ್ಳುವುದುಂಟು. ಬಕಲ್ ಇರುವ ಪಟ್ಟಿಗಳು ಉತ್ತಮ. ಡೇರೆಯ ಕೋಲುಗಳು ಮಡಚಿದಾಗ ಬ್ಯಾಗಿನೊಳಗೆ ಹಿಡಿಯುವಷ್ಟು ಗಿಡ್ಡವಿರಬೇಕೆಂಬುದನ್ನು ಕೊಳ್ಳುವಾಗಲೇ ನೋಡಿಕೊಳ್ಳುವುದು ಒಳಿತು.

ಎಂಜಿನ್ನಿಗೂ ಎತ್ತರದ ತೊಂದರೆ ತಪ್ಪಿದ್ದಲ್ಲ. ಗಾಳಿ ವಿರಳವಾದಂತೆ ಶಕ್ತಿ ಕುಗ್ಗುತ್ತದೆ. ಹಳೆಯ ಕಾರ್ಬ್ಯುರೇಟರ್ ವಾಹನಗಳಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗಿ ಎಂಜಿನ್ ಮುಗ್ಗರಿಸುತ್ತದೆ. ಇಂಧನ ಚುಚ್ಚುವ ವ್ಯವಸ್ಥೆಯುಳ್ಳ ಹೊಸ ವಾಹನಗಳು ಪ್ರಮಾಣವನ್ನು ತಾವೇ ಸರಿಹೊಂದಿಸಿಕೊಂಡರೂ ಕಳೆದ ಶಕ್ತಿಯನ್ನು ಮರಳಿ ತರಲಾರವು.

ಡೇರೆಯ ಜಾಗ

ಸರ್ಚುವಿನ ಬಯಲು ನೋಡಲು ಡೇರೆಗಾಗಿಯೇ ಮಾಡಿದಂತಿದೆ. ಆಳವಾಗಿ ಕೊರೆದು ಹರಿಯುವ ತ್ಸರಪ್ ನದಿ, ಅದರ ಇಕ್ಕೆಲದಲ್ಲಿ ಸಮತಟ್ಟಾದ ನೆಲ, ಸುತ್ತ ಬೋಳು ಬೆಟ್ಟಗಳು. ಆದರೆ ಮಧ್ಯಾಹ್ನದ ನಂತರ ಕಣಿವೆಯಲ್ಲಿ ಏಳುವ ಗಾಳಿಗೆ ಇಲ್ಲಿ ಮರವೊಂದರ ಅಡ್ಡಿಯೂ ಇಲ್ಲ. ಅದಕ್ಕೆ ತಡೆಯೊಡ್ಡದ ಗಿಡ್ಡ ಗುಮ್ಮಟಾಕಾರದ ಡೇರೆಯೇ ಸೂಕ್ತ. ಬಾಗಿಲು ಗಾಳಿಗೆ ವಿಮುಖವಾಗಿರಬೇಕು. ಹೊರಹೊದಿಕೆಯ ಹಗ್ಗಗಳನ್ನು ಆಲಸ್ಯದಿಂದ ಬಿಟ್ಟುಬಿಡುವುದು ಸಾಮಾನ್ಯವಾದ ತಪ್ಪು. ಡೇರೆಯನ್ನು ನಿಲ್ಲಿಸುವುದು ಕೋಲುಗಳಾದರೂ ಗಾಳಿಯಲ್ಲಿ ಕಾಪಾಡುವುದು ಹಗ್ಗಗಳೇ. ಮೋರೆ ಬಯಲಿನ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ದಾರ್ಚಾದ ಆಚೆಯ ಕಲ್ಲುನೆಲದಲ್ಲಿ ಇಳಿಯುವುದಿಲ್ಲ. ಎರಡೂ ಕಡೆ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತುವುದೇ ಉಪಾಯ. ಸಮುದ್ರ ಮಟ್ಟದಲ್ಲಿ ಹತ್ತು ನಿಮಿಷದ ಈ ಕೆಲಸ ಇಲ್ಲಿ ಏದುಸಿರು ಬಿಡಿಸುತ್ತದೆ. ಆದ್ದರಿಂದ ಬೆಳಕಿರುವಾಗಲೇ, ದಣಿಯುವ ಮೊದಲೇ ನಿಲ್ಲಬೇಕು.

ನೀರಿಗೆ ಹತ್ತಿರ, ಆದರೆ ನೀರಿನ ಮಟ್ಟಕ್ಕಿಂತ ಮೇಲೆ ಇರುವ ಜಾಗ ಬೇಕು. ಹಿಮನದಿಗಳಿಂದ ಬರುವ ತೊರೆಗಳು ಬೆಳಿಗ್ಗೆ ಕೃಶವಾಗಿದ್ದು, ಬಿಸಿಲಿಗೆ ಹಿಮ ಕರಗಿದಂತೆ ಮಧ್ಯಾಹ್ನದಿಂದ ಸಂಜೆಯವರೆಗೆ ಉಕ್ಕುತ್ತವೆ. ಒಣಗಿದಂತೆ ಕಾಣುವ ಹರವಿನಲ್ಲಿ ಡೇರೆ ಹಾಕುವುದು ಅಪಾಯಕರ. ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಬೆಳಿಗ್ಗೆಯೇ ದಾಟಿಬಿಡಬೇಕೆಂಬ ನಿಯಮಕ್ಕೂ ಇದೇ ಆಧಾರ.

ಮೋಟಾರ್‌ಸೈಕಲ್ ನಿಲ್ಲಿಸುವ ವಿಷಯವನ್ನು ಡೇರೆಯ ಕೈಪಿಡಿಗಳು ಹೇಳುವುದಿಲ್ಲ. ಮೆದು ನೆಲದಲ್ಲಿ ಸೈಡ್ ಸ್ಟ್ಯಾಂಡ್ ರಾತ್ರಿಯಿಡೀ ನಿಧಾನವಾಗಿ ಹೂತು ವಾಹನ ಉರುಳುತ್ತದೆ. ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲನ್ನೋ ತಗಡನ್ನೋ ಇಡಬೇಕು. ಗಾಳಿಗೆ ಮರೆಯಾಗಲೆಂದು ವಾಹನವನ್ನು ಡೇರೆಗೆ ಒತ್ತಿ ನಿಲ್ಲಿಸುವುದು, ಡೇರೆಯ ಹಗ್ಗವನ್ನು ಅದಕ್ಕೆ ಕಟ್ಟುವುದು ಆಕರ್ಷಕವೆನಿಸಿದರೂ ಸಲ್ಲದು. ವಾಹನ ಬಿದ್ದರೆ ಮಲಗಿದವನ ಮೇಲೆಯೇ ಬೀಳುತ್ತದೆ.

ಚಳಿ ಮತ್ತು ಒಲೆ

ಸರ್ಚು, ಪಾಂಗ್‌ಗಳಲ್ಲಿ ಬೇಸಿಗೆಯಲ್ಲೂ ರಾತ್ರಿಯ ಉಷ್ಣತೆ ಶೂನ್ಯದ ಸಮೀಪಕ್ಕೆ ಇಳಿಯಬಹುದು. ಸೆಪ್ಟೆಂಬರ್‌ನಲ್ಲಿ ಶೂನ್ಯಕ್ಕಿಂತ ಕೆಳಗಿಳಿಯುವುದು ಸಹಜ. ಮಲಗುಚೀಲದ ಮೇಲೆ ಅಚ್ಚಾಗಿರುವ ಅಂಕಿಗಳಲ್ಲಿ ನೆಮ್ಮದಿಯ ಮಟ್ಟ, ಮಿತಿಯ ಮಟ್ಟ, ಪರಮಾವಧಿ ಎಂದು ಮೂರು ಬಗೆಗಳಿವೆ. ಮಾರುವವರು ದೊಡ್ಡದಾಗಿ ತೋರಿಸುವುದು ಹಲವು ಸಲ ಕೊನೆಯದನ್ನು. ಅದು ಪ್ರಾಣ ಉಳಿಯಬಹುದಾದ ಉಷ್ಣತೆಯೇ ಹೊರತು ನಿದ್ರೆ ಬರುವ ಉಷ್ಣತೆಯಲ್ಲ. ಕೊಳ್ಳುವವರು ನೋಡಬೇಕಾದುದು ಮೊದಲನೆಯದನ್ನು. ಮೈಯ ಬಿಸಿಯನ್ನು ಗಾಳಿಗಿಂತ ಹೆಚ್ಚಾಗಿ ನೆಲ ಹೀರುವುದರಿಂದ ಒಳ್ಳೆಯ ನೆಲಹಾಸು ದುಬಾರಿ ಮಲಗುಚೀಲದಷ್ಟೇ ಅಗತ್ಯ. ಚಳಿಗೆ ಹೆದರಿ ಡೇರೆಯ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಉಸಿರಿನ ತೇವ ಒಳಮೈಯಲ್ಲಿ ಹನಿಗಟ್ಟಿ, ನಸುಕಿನಲ್ಲಿ ಮಂಜುಗಡ್ಡೆಯಾಗಿ ಮುಖದ ಮೇಲೆ ಉದುರುತ್ತದೆ.

ಡೇರೆಯೊಳಗೆ ಒಲೆ ಹಚ್ಚುವುದು ಈ ಪ್ರವಾಸದ ಅತ್ಯಂತ ಮಾರಕ ತಪ್ಪು. ಬೆಂಕಿ ತಗಲುವ ಭಯ ಎಲ್ಲರಿಗೂ ತಿಳಿದದ್ದೇ. ಕಾಣದ ಅಪಾಯವೆಂದರೆ ಕಾರ್ಬನ್ ಮಾನಾಕ್ಸೈಡ್. ಗಾಳಿಯಾಡದ ಜಾಗದಲ್ಲಿ ಗ್ಯಾಸ್, ಪೆಟ್ರೋಲ್, ಇದ್ದಿಲು ಯಾವುದು ಉರಿದರೂ ಇದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಬಲವಾಗಿ ಅಂಟಿಕೊಂಡು ಉಸಿರನ್ನೇ ನಿಷ್ಫಲಗೊಳಿಸುತ್ತದೆ. ಇದರ ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ಮಂಪರು, ಅಂದರೆ ಎತ್ತರದ ಕಾಯಿಲೆಯ ಲಕ್ಷಣಗಳೇ. ಹೀಗಾಗಿ ವಿಷವೇರುತ್ತಿರುವವನು ತನಗೆ ಎತ್ತರ ತಾಗಿದೆಯೆಂದು ಭಾವಿಸಿ ಬಾಗಿಲನ್ನು ಇನ್ನೂ ಬಿಗಿಯಾಗಿ ಮುಚ್ಚಿ ಮಲಗುವ ಸಂಭವವಿದೆ. ಒಲೆ ಎಂದಿಗೂ ಹೊರಗೇ ಇರಬೇಕು. ಗಾಳಿಗೆ ಉರಿ ನಿಲ್ಲದಿದ್ದರೆ ಕಲ್ಲುಗಳ ಮರೆ ಕಟ್ಟಬೇಕು. ಅದೂ ಆಗದಿದ್ದರೆ ಆ ಹೊತ್ತಿಗೆ ಒಣ ತಿಂಡಿಯಲ್ಲಿ ತೃಪ್ತಿಪಡಬೇಕು.

ಅಡುಗೆಯೂ ಇಲ್ಲಿ ಬೇರೆ ಬಗೆ. ಸರ್ಚುವಿನಲ್ಲಿ ನೀರು ಸುಮಾರು 86 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗದು. ಬೇಳೆ ಬೇಯುವುದಿಲ್ಲ, ಅಕ್ಕಿ ಅರೆಬೆಂದು ನಿಲ್ಲುತ್ತದೆ. ಅವಲಕ್ಕಿ, ಹುರಿಹಿಟ್ಟು, ಹುರಿದ ರವೆಯಂತಹ ಪದಾರ್ಥಗಳು ಇಲ್ಲಿ ಒದಗಿಬರುತ್ತವೆ. ಕುಡಿಯುವ ನೀರನ್ನು ಈ ಎತ್ತರದಲ್ಲಿ ಮೂರು ನಿಮಿಷ ಮಳ್ಳಿಸಬೇಕೆಂಬುದು ಆರೋಗ್ಯ ತಜ್ಞರ ಸಲಹೆ.

ಢಾಬಾಗಳು

ಭರತ್‌ಪುರ, ಸರ್ಚು, ಪಾಂಗ್ ಮುಂತಾದೆಡೆ ಬೇಸಿಗೆಯಲ್ಲಿ ತಲೆಯೆತ್ತುವ ಢಾಬಾಗಳಲ್ಲಿ ಪ್ಯಾರಾಚೂಟ್ ಬಟ್ಟೆಯ ಚಾವಣಿಯವು ಪರಿಚಿತ. ಒಳಗೆ ಸಾಲು ಹಾಸಿಗೆ, ದಪ್ಪ ರಜಾಯಿ, ಬಿಸಿ ಚಹಾ, ನೂಡಲ್ಸ್, ದಾಲ್–ಚಾವಲ್ ದೊರೆಯುತ್ತವೆ. ಮಳೆ ಅಥವಾ ಹಿಮ ಬಿದ್ದ ರಾತ್ರಿ ಸ್ವಂತ ಡೇರೆಗಿಂತ ಇವು ಎಲ್ಲ ವಿಧದಲ್ಲೂ ಮೇಲು. ಒದ್ದೆಯಾದ ಸವಾರನಿಗೆ ಡೇರೆಯಲ್ಲಿ ಬಟ್ಟೆ ಒಣಗಿಸುವ ದಾರಿಯಿಲ್ಲ. ಒದ್ದೆ ಕೈಗವಸಿನಲ್ಲಿ ಮರುದಿನ ಬ್ರೇಕ್ ಹಿಡಿಯುವ ಬೆರಳುಗಳು ಮರಗಟ್ಟುತ್ತವೆ. ಡೇರೆ ಇದೆಯೆಂಬ ಒಂದೇ ಕಾರಣಕ್ಕೆ ಅದರಲ್ಲೇ ಮಲಗುವ ಹಠ ಈ ದಾರಿಯಲ್ಲಿ ಸಲ್ಲದು. ಕಣಿವೆದಾರಿಯಲ್ಲಿ ಹಿಮ ಬಿದ್ದೋ ಭೂಕುಸಿತವಾಗಿಯೋ ರಸ್ತೆ ಮುಚ್ಚಿ ನೂರಾರು ಜನ ಒಂದೆಡೆ ಸಿಲುಕಿದಾಗ ಢಾಬಾಗಳಲ್ಲಿ ಜಾಗವಿರುವುದಿಲ್ಲ. ಆಗ ಮಾತ್ರ ಡೇರೆ ಇದ್ದವನ ಸ್ಥಿತಿ ಮೇಲು. 2023ರ ಜುಲೈ ತಿಂಗಳಲ್ಲಿ ಬಿಯಾಸ್ ನದಿಯ ಪ್ರವಾಹ ಮನಾಲಿಗೆ ಹೋಗುವ ಹೆದ್ದಾರಿಯನ್ನೇ ಹಲವೆಡೆ ಕೊಚ್ಚಿಕೊಂಡು ಹೋಗಿತ್ತು.

ವಸತಿಗೃಹದಿಂದ ಹೊರಡುವವನಿಗಿಂತ ಡೇರೆ ಬಿಚ್ಚಿ ಹೊರಡುವವನಿಗೆ ಬೆಳಿಗ್ಗೆ ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ತೊರೆಗಳು ಉಕ್ಕುವ ಮೊದಲು ದಾಟಬೇಕಾದ ದಾರಿಯಲ್ಲಿ ಈ ಒಂದು ಗಂಟೆಗೆ ಬೆಲೆಯಿದೆ. ಇಬ್ಬನಿ ಒಣಗಲು ಕಾದರೆ ಹೊತ್ತೇರುತ್ತದೆ. ಒದ್ದೆಯನ್ನೇ ಮಡಚಿದರೆ ಭಾರ ಹೆಚ್ಚುತ್ತದೆ. ಹೊರಹೊದಿಕೆಯನ್ನಷ್ಟೇ ಪ್ರತ್ಯೇಕ ಚೀಲಕ್ಕೆ ತುಂಬಿ, ಮಧ್ಯಾಹ್ನದ ಊಟಕ್ಕೆ ನಿಂತಾಗ ಬಿಸಿಲಿಗೆ ಹರವುವುದು ರೂಢಿಯಲ್ಲಿರುವ ಪರಿಹಾರ.

ಕರ್ನಾಟಕದ ಸವಾರರು

ಬೆಂಗಳೂರು ಮತ್ತಿತರ ನಗರಗಳಿಂದ ಪ್ರತಿ ಬೇಸಿಗೆಯಲ್ಲೂ ಸವಾರರು ಈ ಮಾರ್ಗಕ್ಕೆ ಹೋಗುತ್ತಾರೆ. ಕೆಲವರು ಊರಿನಿಂದಲೇ ಓಡಿಸಿಕೊಂಡು ಹೋದರೆ, ರಜೆ ಕಡಿಮೆಯಿರುವವರು ವಾಹನವನ್ನು ರೈಲಿನ ಪಾರ್ಸೆಲ್‌ನಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳುಹಿಸುತ್ತಾರೆ. ಇದಕ್ಕೆ ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ನೋಂದಣಿ ಪತ್ರದ ಪ್ರತಿ ಕೊಡಬೇಕು. ಒಲೆಯ ಗ್ಯಾಸ್ ಡಬ್ಬಿಗಳನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲವಾದ್ದರಿಂದ ಅವನ್ನು ಅಲ್ಲಿಯೇ ಕೊಳ್ಳಬೇಕಾಗುತ್ತದೆ. ಟ್ಯಾಂಕಿನ ಪೆಟ್ರೋಲನ್ನೇ ಉರಿಸಬಲ್ಲ ಒಲೆಗಳನ್ನು ಕೆಲವರು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಿಂದ ವಿಮಾನದಲ್ಲಿ ಹೊರಟು ಮೂರನೆಯ ದಿನ ಸರ್ಚುವಿನಲ್ಲಿ ಮಲಗುವವರು ಎತ್ತರದ ಕಾಯಿಲೆಗೆ ತಾವೇ ಆಹ್ವಾನ ಕೊಟ್ಟಂತೆ. ಡೇರೆಯ ವಿಷಯದಲ್ಲೂ ಮಲೆನಾಡಿನ ಅನುಭವ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಡೇರೆ ಎದುರಿಸಬೇಕಾದುದು ನೇರವಾಗಿ ಸುರಿಯುವ ಮಳೆ ಮತ್ತು ಇಂಬಳಗಳನ್ನು. ಅಲ್ಲಿ ಎತ್ತರವಾದ, ಬಲೆಯ ಗೋಡೆಗಳ, ಗಾಳಿ ಧಾರಾಳವಾಗಿ ಆಡುವ ಡೇರೆ ಹಿತಕರ. ಮಳೆಯ ನೆರಳಿನಲ್ಲಿರುವ ಶೀತ ಮರುಭೂಮಿಯಲ್ಲಿ ಅದೇ ಬಲೆಯ ಮೂಲಕ ರಾತ್ರಿಯಿಡೀ ಹುಡಿಮಣ್ಣು ಮತ್ತು ಚಳಿಗಾಳಿ ನುಗ್ಗುತ್ತವೆ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್‌ಗಳು ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದರೂ ದಾರ್ಚಾದಿಂದ ಉಪ್ಶಿಯವರೆಗೆ ಸಂಪರ್ಕ ಅನಿಶ್ಚಿತ. ಎರಡು ದಿನ ಕರೆ ಬಾರದಿದ್ದರೆ ಗಾಬರಿಯಾಗಬಾರದೆಂದು ಮನೆಯವರಿಗೆ ಮೊದಲೇ ತಿಳಿಸಿ ಹೊರಡುವುದು ಉತ್ತಮ.

ಸ್ಥಳೀಯರು ಮತ್ತು ಪರಿಸರ

ಮೋರೆ ಬಯಲಿನ ಸುತ್ತಲಿನ ಪ್ರಸ್ಥಭೂಮಿ ಚಾಂಗ್‌ಪಾ ಪಶುಪಾಲಕರ ನೆಲೆ. ಪಶ್ಮೀನಾ ಆಡುಗಳನ್ನೂ ಯಾಕ್‌ಗಳನ್ನೂ ಸಾಕುವ ಇವರು ಹುಲ್ಲು ಇರುವೆಡೆಗೆ ಋತುವಿಗನುಸಾರ ಸಾಗುತ್ತ, ಯಾಕ್ ಕೂದಲಿನಿಂದ ನೇಯ್ದ ‘ರೆಬೊ’ ಎಂಬ ಕಪ್ಪು ಡೇರೆಗಳಲ್ಲಿ ವಾಸಿಸುತ್ತ ಬಂದವರು. ಪ್ರವಾಸಿಗೆ ಖಾಲಿ ಬಯಲಾಗಿ ಕಾಣುವ ನೆಲ ಅವರ ಮೇವಿನ ಜಾಗವಾಗಿರುತ್ತದೆ. ಹುಲ್ಲಿರುವ ತೇವದ ಜಾಗ ಡೇರೆಗೆ ಮೆತ್ತಗೆ ಹಿತವೆನಿಸಿದರೂ ಅದನ್ನು ಬಿಟ್ಟು ಕಲ್ಲುನೆಲವನ್ನು ಆರಿಸಿಕೊಳ್ಳುವುದು ನ್ಯಾಯ. ಮೋಟಾರ್‌ಸೈಕಲ್ಲನ್ನು ಹುಲ್ಲಿನ ಮೇಲೆ ಓಡಿಸಿದ ಗುರುತು ಈ ಒಣ ಹವೆಯಲ್ಲಿ ವರ್ಷಗಟ್ಟಲೆ ಅಳಿಯುವುದಿಲ್ಲ.

ಹೆದ್ದಾರಿಯಿಂದ ಒಳಕ್ಕಿರುವ ತ್ಸೊ ಕರ್ ಸರೋವರ ಪ್ರದೇಶ 2020ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾಗಿದೆ. ಕಪ್ಪು ಕೊರಳಿನ ಕ್ರೌಂಚ ಪಕ್ಷಿ ಇಲ್ಲಿ ಮರಿ ಮಾಡುತ್ತದೆ. ಸರೋವರದ ಅಂಚಿನಲ್ಲಿ ಡೇರೆ ಹಾಕುವುದು ಗೂಡುಕಟ್ಟುವ ಹಕ್ಕಿಗಳಿಗೆ ತೊಂದರೆ ಕೊಡುತ್ತದೆ. ಸೇನಾ ನೆಲೆಗಳ ಹಾಗೂ ಸೇತುವೆಗಳ ಸಮೀಪವೂ ಡೇರೆ ಹಾಕಬಾರದು. ಚಳಿ ಮತ್ತು ಶುಷ್ಕತೆಯ ಕಾರಣ ಇಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ. ಆದ್ದರಿಂದ ಖಾಲಿ ಗ್ಯಾಸ್ ಡಬ್ಬಿ, ಪ್ಲಾಸ್ಟಿಕ್ ಬಾಟಲಿ, ಎಂಜಿನ್ ಆಯಿಲ್ ಒರೆಸಿದ ಬಟ್ಟೆ ಮುಂತಾದುವನ್ನು ಲೇಹ್‌ಗೋ ಕೇಲಾಂಗ್‌ಗೋ ಮರಳಿ ಒಯ್ಯಬೇಕಾಗುತ್ತದೆ.